ಗಾಲಿಯ ಹಿಂದಿನ ರಬ್ಬರ್ ಹಾಳೆ

ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋಗುವವನ ಪಾಡನ್ನು ವಾಚಕರು ಬಲ್ಲರು. ಆದರೂ ಲಾರಿಗೆ ಮಡ್‌ಫ್ಲ್ಯಾಪ್ ಕೊಳ್ಳುವವರು ಅದರ ಬಣ್ಣವನ್ನೂ ಬರಹವನ್ನೂ ನೋಡುವುದೇ ಹೆಚ್ಚು. ಅದರ ಕೆಳ ಅಂಚು ನೆಲದಿಂದ ಎಷ್ಟು ಮೇಲಿದೆಯೆಂಬುದನ್ನು ಮೊದಲು ನೋಡಬೇಕೆಂದು ನಮ್ಮ ಮತ.

ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಉರುಳುವ, 1 ಮೀಟರ್ ವ್ಯಾಸದ ಗಾಲಿಯನ್ನು ಊಹಿಸೋಣ. ಟಯರಿಗೆ ಸಿಕ್ಕ ಕಲ್ಲು ನೆಲದಿಂದೆದ್ದು 20 ಡಿಗ್ರಿ ತಿರುಗಿದೊಡನೆ ಸ್ಪರ್ಶರೇಖೆಯಲ್ಲಿ ಸಿಡಿಯಿತೆನ್ನಿ. ಅದು ಹಿಂದಕ್ಕೆ ಹಾರಿತೆಂದು ನಾವು ಭಾವಿಸುವೆವು. ನೆಲದ ಮೇಲೆ ನಿಂತವನಿಗೆ ಹಾಗೆ ಕಾಣದು: ಕಲ್ಲು ಸೆಕೆಂಡಿಗೆ ಸುಮಾರು 7 ಮೀಟರಿನಂತೆ ಮೇಲಕ್ಕೇರುವುದು, ಮುಂದಕ್ಕೆ ಸಾಗುವುದು 1 ಮೀಟರಿಗಿಂತ ತುಸು ಹೆಚ್ಚು ಮಾತ್ರ. ಲಾರಿಯಷ್ಟೇ ವೇಗದಲ್ಲಿ ಹಿಂಬಾಲಿಸುವವನೇ ಹೋಗಿ, ಸೆಕೆಂಡಿಗೆ ಸುಮಾರು 19 ಮೀಟರ್ ವೇಗದಿಂದ ಅದಕ್ಕೆ ಬಡಿಯುವನು! ಇನ್ನೂ ಮೇಲಿನಿಂದ ಸಿಡಿದವು ಬಹುಮಟ್ಟಿಗೆ ಲಾರಿಯ ತಳಕ್ಕೇ ತಾಗುವುವು.

ಗಾಲಿಗೆ ಹತ್ತಿರವಾಗಿ ತೂಗುವ ಹಾಳೆಯೂ ನೆಲದಿಂದ ಒಂದು ಗೇಣು ಮೇಲಿದ್ದರೆ ಈ ಕಲ್ಲು ನುಸುಳಿಹೋಗುವುದು. ಹೊರೆ ತುಂಬಿದಾಗ ಲಾರಿ ತಗ್ಗಿ ಹಾಳೆ ನೆಲಕ್ಕೆ ತಾಗುವುದೆಂಬ ಆಕ್ಷೇಪ ನಿಜವೇ. ಆದುದರಿಂದಲೇ ತಗಡು ಸಲ್ಲದು, ಬಾಗುವ ದಪ್ಪ ರಬ್ಬರೇ ಆಗಬೇಕು. ತೆಳು ಹಾಳೆಯಾದರೋ ಗಾಳಿಗೆ ಎದ್ದು ನಿಲ್ಲುವುದು. ಅಗಲ ಟಯರಿಗಿಂತ ಕಡಿಮೆಯಿರಬಾರದು. ಜೋಡಿಗಾಲಿಗಳಿದ್ದಲ್ಲಿ ಎರಡನ್ನೂ ಮುಚ್ಚಬೇಕು. ಬೆಲೆ ತೆರುವವನು ಮಾಲೀಕ, ಫಲ ಉಣ್ಣುವವನು ಹಿಂದೆ ಬರುವ ಅಪರಿಚಿತ. ಹರಿದ ಹಾಳೆ ತಿಂಗಳುಗಟ್ಟಲೆ ಹಾಗೆಯೇ ಜೋಲುವುದು ಇದರಿಂದಲೇ ಇರಬೇಕು.