ಕಲಿಕೆಯ ವರ್ಷಗಳ ಖರ್ಚು ಯಾರದು?

ಸಿನಿಮಾ, ರಂಗಭೂಮಿ, ಸಂಗೀತದಂಥ ಕ್ಷೇತ್ರಗಳಿಗೆ ಕಾಲಿಡುವ ಯುವಜನರಿಗೆ ಪ್ರತಿಭೆಯ ಜೊತೆಗೆ ಇನ್ನೊಂದು ಬಂಡವಾಳವೂ ಬೇಕು: ಸರಿಯಾದ ಸಂಪಾದನೆಯಿಲ್ಲದೆ ಕೆಲವು ವರ್ಷ ಬದುಕುವ ತ್ರಾಣ. ಶಿಕ್ಷಕ ಅಥವಾ ಎಂಜಿನಿಯರ್ ಆಗಲು ಪರೀಕ್ಷೆ, ಪದವಿ, ನೇಮಕಾತಿ ಎಂಬ ಗೊತ್ತಾದ ಮೆಟ್ಟಿಲುಗಳಿವೆ. ಕಲಾಕ್ಷೇತ್ರದಲ್ಲಿ ಪರಿಚಯ ಹುಡುಕಿಕೊಂಡು, ಕಾದು, ಕೆಲಸ ಮಾಡುತ್ತಲೇ ಕಲಿಯಬೇಕು. ಹಾಗಾಗಿ ಯಾರು ಒಳಗೆ ಬರುತ್ತಾರೆ ಎಂಬುದನ್ನು ಎಷ್ಟೋ ಸಲ ಮನೆಯ ಪರಿಸ್ಥಿತಿಯೇ ತೀರ್ಮಾನಿಸಿಬಿಡುತ್ತದೆ.

ಕನ್ನಡ ಚಿತ್ರರಂಗದ ಸಹಾಯಕ ನಿರ್ದೇಶಕರ ಕೆಲಸವನ್ನೇ ನೋಡಬಹುದು. ಹೊಸಬರ ಕೈಗೆ ಮೊದಲು ಬರುವುದು ಕ್ಲ್ಯಾಪ್ ಬೋರ್ಡ್. ಅದರ ಮೇಲೆ ದೃಶ್ಯ, ಶಾಟ್, ಟೇಕ್ ಸಂಖ್ಯೆಗಳನ್ನು ತಪ್ಪಿಲ್ಲದೆ ಬರೆಯಬೇಕು. ಆಮೇಲೆ ಕಂಟಿನ್ಯುಟಿ: ಹಿಂದಿನ ಶಾಟಿನಲ್ಲಿ ನಟನ ಅಂಗಿಯ ತೋಳು ಎಲ್ಲಿಯವರೆಗೆ ಮಡಚಿತ್ತು, ಲೋಟದಲ್ಲಿ ಚಹಾ ಎಷ್ಟು ಉಳಿದಿತ್ತು ಎಂಬುದೆಲ್ಲ ನೆನಪಿರಬೇಕು. ಇದು ಏಕಾಗ್ರತೆ ಬೇಡುವ, ಚಿತ್ರಕ್ಕೆ ಅನಿವಾರ್ಯವಾದ ದುಡಿಮೆ. ಆದರೂ ಹೊಸಬರಿಗೆ ದಿನಭತ್ಯೆ ಮತ್ತು ಊಟ ಸಿಕ್ಕರೆ ಸಾಕೆಂಬ ಧೋರಣೆ ಹೋಗಿಲ್ಲ. ಬೆಂಗಳೂರಿನಲ್ಲಿ ಸ್ವಂತ ಮನೆಯಿರುವವರು ಇದನ್ನು ಹೇಗೋ ತಾಳಿಕೊಳ್ಳಬಹುದು. ಬೀದರ್‌ನಿಂದಲೋ ಚಾಮರಾಜನಗರದಿಂದಲೋ ಬಂದವರು ರೂಮಿನ ಬಾಡಿಗೆ ಕಟ್ಟಬೇಕು, ಊರಿಗೂ ನಾಲ್ಕು ಕಾಸು ಕಳಿಸಬೇಕು.

ನಿಜವಾದ ಪ್ರತಿಭೆ ಇದ್ದರೆ ಹೇಗಾದರೂ ಮೇಲೆ ಬರುತ್ತದೆ ಎಂಬ ವಾದವಿದೆ. ಕುಂದಾಪುರ ಕಡೆಯ ಕೆರಾಡಿಯಿಂದ ಬಂದ ನಟ, ನಿರ್ದೇಶಕ ರಿಷಬ್ ಶೆಟ್ಟಿ ನೀರಿನ ಕ್ಯಾನ್ ಮಾರಿ, ಚಿತ್ರೀಕರಣದಲ್ಲಿ ಸಣ್ಣಪುಟ್ಟ ಕೆಲಸ ಮಾಡಿ, ಕೊನೆಗೆ ‘ಕಾಂತಾರ’ದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದದ್ದು ಇದಕ್ಕೆ ಪುರಾವೆಯೆಂಬಂತೆ ಕಾಣುತ್ತದೆ. ಈ ಸಾಧನೆ ದೊಡ್ಡದು. ಆದರೆ ಗೆದ್ದವರ ಕಥೆ ಮಾತ್ರ ಊರಿಗೆಲ್ಲ ತಿಳಿಯುತ್ತದೆ. ತಂದೆಯ ಕಾಯಿಲೆಗೋ ತಂಗಿಯ ಮದುವೆಗೋ ಅರ್ಧದಲ್ಲೇ ಹಿಂತಿರುಗಿದವರ ಲೆಕ್ಕ ಯಾರ ಬಳಿಯೂ ಇಲ್ಲ. ಕಷ್ಟವನ್ನು ದಾಟಿ ಬಂದವರಿದ್ದಾರೆ ಎಂದಮಾತ್ರಕ್ಕೆ ಕಷ್ಟವೇ ಪ್ರತಿಭೆಯ ಪರೀಕ್ಷೆ ಆಗುವುದಿಲ್ಲ.

ತಂತ್ರಜ್ಞಾನ ದಾರಿಯನ್ನು ಸ್ವಲ್ಪ ಅಗಲಗೊಳಿಸಿದೆ. ನಿರ್ದೇಶಕ ಪವನ್ ಕುಮಾರ್ 2013ರ ‘ಲೂಸಿಯಾ’ಕ್ಕೆ ಪ್ರೇಕ್ಷಕರಿಂದಲೇ ಹಣ ಕೂಡಿಸಿ, ನಿರ್ಮಾಪಕರ ಮನೆಬಾಗಿಲು ಕಾಯದೆಯೂ ಸಿನಿಮಾ ಮಾಡಬಹುದೆಂದು ತೋರಿಸಿದರು. ಈಗ ಮೊಬೈಲಿನಲ್ಲೇ ಕಿರುಚಿತ್ರ ತೆಗೆದು ಯೂಟ್ಯೂಬಿಗೆ ಹಾಕಬಹುದು. ಆದರೆ ಅಗ್ಗವಾದದ್ದು ಕ್ಯಾಮೆರಾ ಮಾತ್ರ. ಬಾಡಿಗೆ, ಊಟ, ಬಿಡುವು ಅಗ್ಗವಾಗಿಲ್ಲ.

ಕಲಿಯುವಾಗಿನ ಈ ಆಸರೆಯ ಕೊರತೆಯನ್ನು ನೀಗಿಸುವಲ್ಲಿ ಸಂಸ್ಥೆಗಳ ಪಾತ್ರ ದೊಡ್ಡದು. ಔಷಧ ವಿಜ್ಞಾನ ಓದಿದ ಗಿರೀಶ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು 1977ರಲ್ಲಿ ‘ಘಟಶ್ರಾದ್ಧ’ ಚಿತ್ರ ಮಾಡಿದರು. ಮೈಸೂರಿನಲ್ಲಿ ವೈದ್ಯಕೀಯ ಓದಿದ ಚಿದಾನಂದ ನಾಯ್ಕ್ ಅದೇ ಸಂಸ್ಥೆಯಲ್ಲಿ ಮಾಡಿದ, ಕನ್ನಡ ಜನಪದ ಕಥೆಯನ್ನು ಆಧರಿಸಿದ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಬಂತು. ಇಬ್ಬರಿಗೂ ಚಿತ್ರರಂಗದ ಮನೆತನದ ಆಸರೆ ಇರಲಿಲ್ಲ. ರಂಗಕರ್ಮಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1980ರಲ್ಲಿ ಹೆಗ್ಗೋಡಿನಲ್ಲಿ ಅದರ ರಂಗಶಿಕ್ಷಣ ಕೇಂದ್ರ ಆರಂಭವಾಯಿತು; 1985ರಲ್ಲಿ ಬಂದ ಅದರ ಸಂಚಾರಿ ತಂಡ ‘ತಿರುಗಾಟ’ ಕಲಿತವರಿಗೆ ಊರೂರಿನಲ್ಲಿ ನಾಟಕವಾಡುವ ಕೆಲಸವನ್ನೂ ಕೊಟ್ಟಿತು. 1989ರಲ್ಲಿ ಮೈಸೂರಿನಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ನಾಟಕ ಸಂಸ್ಥೆ ರಂಗಾಯಣ ಕಲಾವಿದರನ್ನು ಸಂಬಳದ ಮೇಲೆ ಇಟ್ಟುಕೊಂಡಿತು. ಕಲಿಕೆಯ ಬೆನ್ನಿಗೇ ದುಡಿಮೆಯನ್ನೂ ಜೋಡಿಸಿದ್ದು ಈ ಪ್ರಯೋಗಗಳ ಹಿರಿಮೆ.

ಬಹುಪಾಲು ಚಿತ್ರಗಳು ನಷ್ಟದಲ್ಲಿರುವಾಗ ಹೊಸಬರಿಗೆಲ್ಲ ಸಂಬಳ ಎಲ್ಲಿಂದ ಕೊಡುವುದು ಎಂದು ನಿರ್ಮಾಪಕರು ಕೇಳುತ್ತಾರೆ. ನಷ್ಟದ ಭಯ ನಿಜ. ಆದರೆ ಲೈಟಿನ ಬಾಡಿಗೆಯನ್ನು, ಜನರೇಟರಿನ ಡೀಸೆಲನ್ನು ಯಾರೂ ಪುಕ್ಕಟೆ ಕೇಳುವುದಿಲ್ಲ. ಬಜೆಟ್ಟಿನ ಕೊರತೆ ತೀರಾ ಕೆಳಗಿನವರ ಹೊಟ್ಟೆಗೇ ಬೀಳುವುದು ನ್ಯಾಯವಲ್ಲ. 2012ರ ಹಕ್ಕುಸ್ವಾಮ್ಯ ಕಾಯ್ದೆಯ ತಿದ್ದುಪಡಿ ಗೀತರಚನಕಾರರ, ಸಂಗೀತ ಸಂಯೋಜಕರ ರಾಯಧನದ (ರಾಯಲ್ಟಿ) ಹಕ್ಕಿಗೆ ಬಲ ಕೊಟ್ಟಿತು. ಅದೇ ರೀತಿ ಸಹಾಯಕರಾಗಿ ದುಡಿಯುವವರಿಗೂ ಲಿಖಿತ ಒಪ್ಪಂದ, ಕನಿಷ್ಠ ಸಂಭಾವನೆ, ಟೈಟಲ್ ಕಾರ್ಡಿನಲ್ಲಿ ಹೆಸರು ಖಾತರಿಯಾಗಬೇಕು. ಚಿತ್ರಗಳಿಗೆ ಸಹಾಯಧನ ಕೊಡುವಾಗ ಸರ್ಕಾರ ಇದನ್ನೇ ಷರತ್ತಾಗಿ ಇಡಬಹುದು. ತರಬೇತಿ ಕೇಂದ್ರಗಳು ಜಿಲ್ಲೆಗಳಿಗೂ ಹೋಗಬೇಕು, ವಿದ್ಯಾರ್ಥಿವೇತನ ಹೆಚ್ಚಬೇಕು.

ಇದು ಯುವಜನರಿಗೆ ತೋರಿಸುವ ಕನಿಕರವಲ್ಲ. ಕಾಯುವ ಶಕ್ತಿ ಇದ್ದವರಷ್ಟೇ ಕಥೆ ಹೇಳಿದರೆ ನಾಡಿನ ಅರ್ಧ ಬದುಕು ತೆರೆಗೂ ರಂಗಕ್ಕೂ ಬರುವುದೇ ಇಲ್ಲ. ಕಲಿಕೆಯ ವರ್ಷಗಳ ಖರ್ಚನ್ನು ಉದ್ಯಮ ಮತ್ತು ಸರ್ಕಾರ ಹಂಚಿಕೊಂಡಾಗ ಮಾತ್ರ ಆಯ್ಕೆ ಪ್ರತಿಭೆಯ ಮೇಲೆ ನಡೆಯುತ್ತದೆ.