ಪ್ರಶ್ನೆ ಚಿಹ್ನೆಯ ಆಚೆಗೆ

ಅಂತರಜಾಲದಲ್ಲಿ ಪುಸ್ತಕವನ್ನೋ ರೈಲನ್ನೋ ಹುಡುಕುವಾಗ ಬ್ರೌಸರಿನ ಮೇಲ್ಗಡೆಯ ವಿಳಾಸವನ್ನೊಮ್ಮೆ ನೋಡಿ. ಹಲವು ತಾಣಗಳಲ್ಲಿ ಅದರ ನಡುವೆ ಒಂದು '?' ಇರುತ್ತದೆ. ಎಡಕ್ಕಿರುವುದು ಪುಟದ ವಿಳಾಸ. ಬಲಕ್ಕಿರುವುದು ಆ ಪುಟಕ್ಕೆ ನಾವು ಕಳಿಸುವ ಚೀಟಿ. ನಿಮ್ಮೂರಿನ ಕನ್ನಡ ಸಂಘದ ತಾಣದಲ್ಲಿ ಆ ಚೀಟಿ 'ಊರು=ಪುಣೆ&ಪುಟ=2' ಎಂದಿರಬಹುದು.

ತಾಣ ಪಿಎಚ್‌ಪಿಯಲ್ಲಿದ್ದರೆ ಚೀಟಿಯನ್ನು ಅದೇ ಬಿಡಿಸಿ, 'ಗೆಟ್' ಎಂಬ ಅರೇಯಲ್ಲಿ ಇಡುತ್ತದೆ. ಬರೆಯುವಾಗ ಡಾಲರ್ ಚಿಹ್ನೆ, ಅಂಡರ್‌ಸ್ಕೋರ್, ಆಮೇಲೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಗೆಟ್. ಅದರಿಂದ 'ಊರು' ಕೇಳಿದರೆ 'ಪುಣೆ' ಸಿಗುತ್ತದೆ. ಕನ್ನಡದ 'ಕ' ಯುಟಿಎಫ್-8ರಲ್ಲಿ 3 ಬೈಟ್. ವಿಳಾಸದಲ್ಲಿ ಸಾಗುವಾಗ '%' ಚಿಹ್ನೆಗಳೂ ಸೇರಿ 9 ಅಕ್ಷರವಾಗಿ ಹಿಗ್ಗುತ್ತದೆ. ಗಾಬರಿ ಬೇಡ. ಪಿಎಚ್‌ಪಿ ಅದನ್ನು ಮತ್ತೆ ಕನ್ನಡ ಮಾಡಿಯೇ ಕೈಗಿಡುತ್ತದೆ. ನಾವು ಇನ್ನೊಮ್ಮೆ ಡಿಕೋಡ್ ಮಾಡಬಾರದು.

ಚೀಟಿಯಲ್ಲಿ ಊರೇ ಇಲ್ಲದಿದ್ದರೆ? 2015ರಲ್ಲಿ ಬಂದ 7ನೇ ಆವೃತ್ತಿಯಿಂದ ಅದಕ್ಕೆ '??' ಇದೆ: ಇದ್ದರೆ ಅದು, ಇಲ್ಲದಿದ್ದರೆ ನಾವು ಹೇಳಿದ್ದು. ಇನ್ನು 'ಪುಟ=2'ರಲ್ಲಿನ 2 ಬರುವುದು ಸಂಖ್ಯೆಯಾಗಿ ಅಲ್ಲ, ಬರಹವಾಗಿ. ಅದು ಪೂರ್ಣಾಂಕವೇ ಎಂದು ನೋಡಿಯೇ ಬಳಸಬೇಕು.

ಏಕೆಂದರೆ ಚೀಟಿ ಬರೆಯುವ ಪೆನ್ನು ಇರುವುದು ಓದುಗರ ಕೈಯಲ್ಲಿ. ಹಿಂದೆ ಪಿಎಚ್‌ಪಿ ಚೀಟಿಯ ಹೆಸರುಗಳನ್ನೆಲ್ಲ ನೇರವಾಗಿ ಪ್ರೋಗ್ರಾಮಿನ ವೇರಿಯಬಲ್ ಮಾಡಿಬಿಡುತ್ತಿತ್ತು. ಎಚ್ಚರವಿಲ್ಲದೆ ಬರೆದ ತಾಣದಲ್ಲಿ ಯಾರೋ 'ಅಡ್ಮಿನ್=1' ಎಂದು ಸೇರಿಸಿದರೆ ಯಜಮಾನಿಕೆಯೇ ಸಿಕ್ಕಿಬಿಡಬಹುದಿತ್ತು! 2002ರ 4.2 ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಮೊದಲಿಂದಲೇ ಮುಚ್ಚಿಟ್ಟರು, 2012ರ 5.4ರಲ್ಲಿ ಕಿತ್ತೇ ಹಾಕಿದರು.

ಆದರೆ ಅದೇ ಅಪಾಯ ಬೇರೆ ವೇಷದಲ್ಲಿ ಉಳಿದಿದೆ. ಸದಸ್ಯತ್ವದ ರಶೀದಿ 'ಸಂಖ್ಯೆ=41' ಎಂದು ತೆರೆಯುತ್ತದೆ ಎನ್ನಿ. ಅದನ್ನು 42 ಮಾಡಿದರೆ ಇನ್ನೊಬ್ಬರ ಫೋನು, ಮನೆ ವಿಳಾಸ ಕಂಡುಬಿಟ್ಟರೆ? ಸಂಖ್ಯೆ ಸರಿಯಾಗಿಯೇ ಇದೆ. ಕೇಳಿದವರು ಯಾರೆಂದು ಯಾರೂ ವಿಚಾರಿಸಲಿಲ್ಲ, ಅಷ್ಟೇ. ಲಾಗಿನ್ ಆದವರದೇ ರಶೀದಿಯೇ ಎಂದು ಪ್ರತಿಸಲವೂ ಸರ್ವರಿನಲ್ಲೇ ನೋಡಬೇಕು. ಚೀಟಿಯ ಮಾತನ್ನು ಡೇಟಾಬೇಸಿಗೆ ಒಯ್ಯುವಾಗ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಪುಟದ ಮೇಲೆ ತೋರಿಸುವಾಗ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಬೇಕೇ ಬೇಕು. ಪಾಸ್‌ವರ್ಡನ್ನಂತೂ ಚೀಟಿಯಲ್ಲಿ ಕಳಿಸಲೇಬೇಡಿ. ಬ್ರೌಸರಿನ ಹಿಸ್ಟರಿಯಲ್ಲೂ ಸರ್ವರಿನ ದಾಖಲೆಯಲ್ಲೂ ಅದು ಉಳಿದುಬಿಡುತ್ತದೆ.

ಸಂಘದ ತಾಣ ನೋಡಿಕೊಳ್ಳುವವರು ನೀವಾದರೆ, ಇಂದೇ ನಿಮ್ಮ ರಶೀದಿಯ ಸಂಖ್ಯೆಯನ್ನು ಒಂದಂಕಿ ಬದಲಿಸಿ ನೋಡಿ. ಬಾಗಿಲು ತೆರೆಯದಿದ್ದರೆ ನೆಮ್ಮದಿ. ತೆರೆದರೆ ಮೊದಲ ಕೆಲಸ ಅದೇ.