ಬಾಡಿಗೆ ಮನೆಯ ಒರಟು ಗೋಡೆ

ಬಾಡಿಗೆಯವರು ಮನೆ ಖಾಲಿಮಾಡಿದ ಮರುದಿನ ಮನೆಯೊಡೆಯನ ಕಣ್ಣು ಗೋಡೆಯ ಮೇಲೆ ಬೀಳುತ್ತದೆ. ಕ್ಯಾಲೆಂಡರಿನ ಮೊಳೆಗಳು, ಅಡಿಗೆಮನೆಯ ಜಿಡ್ಡು, ಎಲ್ಲಕ್ಕಿಂತ ಮಿಗಿಲಾಗಿ, ಸವರಿದರೆ ಕೈ ತರಚುವ ಆ ಮರಳಿನ ಒರಟು! ಪಕ್ಕದ ಹೊಸ ಕಟ್ಟಡದ ಗೋಡೆಗಳೋ ಕನ್ನಡಿಯಂತೆ ನುಣುಪು. ಪುಟ್ಟಿ ಹಚ್ಚಿಸಿದರೆ ಬಾಡಿಗೆಯನ್ನು ಏರಿಸಬಹುದಲ್ಲವೆ ಎಂಬ ಆಸೆ ಮೂಡುವುದು ಸಹಜ.

ಆಸೆಗೆ ಮೊದಲು ಗೋಡೆಯ ವಯಸ್ಸನ್ನು ವಿಚಾರಿಸತಕ್ಕದ್ದು. 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಳಿದುಳಿದಿರುವ ಹಳೆಯ ಮನೆಗಳದು ಬಹುಮಟ್ಟಿಗೆ ಸುಣ್ಣದ ಗಾರೆ. ನೆಲದಿಂದೇರಿದ ತೇವವನ್ನು ಸುಣ್ಣವು ಮೆಲ್ಲಮೆಲ್ಲನೆ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಪುಟ್ಟಿ, ಪುಟ್ಟಿಯ ಮೇಲೆ ಪ್ಲಾಸ್ಟಿಕ್ ಬಣ್ಣ ಎಂದು ಬಿಗಿದರೆ ತೇವವು ಒಳಗೇ ಸೆರೆಯಾಗಿ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಲೇಪವೆಲ್ಲ ಹಪ್ಪಳದಂತೆ ಉಬ್ಬಿ ಉದುರತೊಡಗುತ್ತದೆ. ಇಂಥ ಗೋಡೆಗೆ ಸುಣ್ಣದ ಗಾರೆಯಿಂದಲೇ ತೇಪೆ ಹಾಕಿಸಿ ಸುಣ್ಣ ಬಳಿಸುವುದೇ ಲೇಸು.

ಒಣಗಿದ ಸಿಮೆಂಟ್ ಗೋಡೆಗೆ ಈ ಭಯವಿಲ್ಲ. ಆದರೆ ಪುಟ್ಟಿಯೆಂಬುದು ಒಂದೆರಡು ಮಿಲಿಮೀಟರಿನ ಲೇಪ ಮಾತ್ರ. ಆಳವಾದ ಒರಟನ್ನು ಅದು ಮುಚ್ಚಲಾರದು. ಮೊದಲು ತೆಳುವಾಗಿ ಮತ್ತೊಮ್ಮೆ ಗಾರೆ ಮಾಡಿಸಬೇಕು. ಅಷ್ಟಾದ ಮೇಲೂ ನುಣುಪು ಗೋಡೆಗೆ ಗುಟ್ಟು ಕಾಯುವ ಗುಣವಿಲ್ಲ. ಕಿಟಕಿಯ ಓರೆ ಬೆಳಕಿನಲ್ಲಿ ಅದರ ಪ್ರತಿಯೊಂದು ಉಬ್ಬುತಗ್ಗೂ ಎದ್ದು ಕಾಣುತ್ತದೆ. ಒರಟು ಗೋಡೆಯಲ್ಲಿ ಮೊಳೆಯ ತೂತನ್ನು ಮೆತ್ತಿದರೆ ಯಾರ ಕಣ್ಣಿಗೂ ಬೀಳದು; ನುಣುಪಾದುದರಲ್ಲಿ ಒಂದು ತೂತಿಗಾಗಿ ಇಡೀ ಗೋಡೆಗೇ ಬಣ್ಣ ಬಳಿಸಬೇಕಾಗುತ್ತದೆ. ಆ ಖರ್ಚು ಬಾಡಿಗೆದಾರನ ಮುಂಗಡ ಹಣದಿಂದ ಮುರಿಯಲ್ಪಡುವುದು ಬೆಂಗಳೂರಿನ ವಾಡಿಕೆ. ನುಣುಪನ್ನು ಕೇಳದಿದ್ದವನೇ ಅದಕ್ಕೆ ದಂಡ ತೆರುತ್ತಾನೆ! ಅಡಿಗೆಮನೆಯ ಗೋಡೆ ನುಣುಪಾಗಿದ್ದರೆ ಜಿಡ್ಡು ಒರಸಲು ಸುಲಭ. ಅಲ್ಲಿ ಹಣ ಹಾಕಬಹುದು. ಮಲಗುವ ಕೋಣೆಯ ಒರಟು ಯಾರಿಗೂ ತೊಂದರೆ ಕೊಡುವುದಿಲ್ಲ.

ಹಣಕ್ಕಿಂತ ದೊಡ್ಡ ವಿಚಾರವೊಂದಿದೆ. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎಣ್ಣೆಬಣ್ಣದಲ್ಲಿ ಎಷ್ಟು ಸೀಸವಿದೆಯೋ, ನೋಡಿ ಹೇಳುವಂತಿಲ್ಲ. ಪುಟ್ಟಿ ಹಿಡಿಯಲೆಂದು ಅದನ್ನು ಉಪ್ಪುಕಾಗದದಿಂದ ಒಣದಾಗಿ ಉಜ್ಜಿದರೆ ಏಳುವ ಧೂಳು ಕೂಲಿಯವನ ಶ್ವಾಸಕೋಶಕ್ಕೂ, ನೆಲದಲ್ಲಿ ಅಂಬೆಗಾಲಿಡುವ ಕೂಸಿನ ಬಾಯಿಗೂ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸವು ಅಲ್ಪಪ್ರಮಾಣದಲ್ಲಿಯೂ ವಿಷವೇ. ಅಂಥ ಬಣ್ಣವು ಗಟ್ಟಿಯಾಗಿ ಹಿಡಿದಿದ್ದರೆ ಕೆರೆಯದೆ ಮೇಲೆಯೇ ಹೊಸ ಬಣ್ಣ ಹಚ್ಚಿಸುವುದು ಕ್ಷೇಮ. ಕೆರೆಯಲೇಬೇಕಾದರೆ ಗೋಡೆಯನ್ನು ನೀರಿನಿಂದ ನೆನೆಸಿ ಕೆರೆಸಬೇಕು. ಕೆಲಸಗಾರನಿಗೆ ತಕ್ಕ ಮುಖಕವಚ ಕೊಡಬೇಕು. ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ಅತ್ತ ಸುಳಿಯಗೊಡಬಾರದು. ಕೊನೆಗೆ ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಎರಡು ಮೂರು ಬಾರಿ ಒರಸಿಸತಕ್ಕದ್ದು.